ಆಪರೇಷನ್ ಆದಾಕಿಯ ಹೊಟ್ಟಿಬ್ಯಾನಿ

ಡಾಕ್ಟರಾಗಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ರಬಕವಿಯಿಂದ ಸ್ವಲ್ಪ ದೂರ, ಕೃಷ್ಣೆಯ ದಂಡೆಗಿದ್ದ ಒಂದು ಹಳ್ಳಿಯ ಸರಕಾರಿ ದವಾಖಾನೆಯಲ್ಲಿ. ಹಿಪ್ಪರಗಿ ಬ್ಯಾರೇಜಿನಲ್ಲಿ ನೀರು ನಿಲ್ಲತೊಡಗಿದ್ದ ವರ್ಷಗಳು. ನನ್ನ ತವರು ಜಮಖಂಡಿ, ಹಾಗಾಗಿ ಆ ಕಡೆಯ ಮಾತು ನನಗೆ ಹೊಸದಲ್ಲ. ಆದರೂ ಹೊಟ್ಟೆನೋವನ್ನು ಜನ ಎಷ್ಟು ಬಗೆಯಲ್ಲಿ ಹೇಳುತ್ತಾರೆಂಬುದು ಆ ಕುರ್ಚಿಯ ಮೇಲೆ ಕೂತ ಮೇಲೆಯೇ ಗೊತ್ತಾಯಿತು. ಒಬ್ಬರ ಹೊಟ್ಟಿ ಕಡೀತಿತ್ತು, ಒಬ್ಬರದು ಮುರೀತಿತ್ತು, ಇನ್ನೊಬ್ಬರದು ಹಿಂಡತಿತ್ತು. ಕಾಲೇಜಿನಲ್ಲಿ ಹೊಟ್ಟೆಯ ಮೇಲೆ ಗೆರೆ ಎಳೆದು ಒಂಬತ್ತು ಮನೆ ಮಾಡಿ, ಯಾವ ಮನೆಯ ನೋವಿಗೆ ಯಾವ ರೋಗ ಎಂದು ಕಲಿಸಿದ್ದರು. ಇಲ್ಲಿ "ಎಲ್ಲಿ ನೋವು?" ಎಂದು ಕೇಳಿದರೆ ಅಂಗೈಯನ್ನು ಹೊಟ್ಟೆಯ ತುಂಬ ಆಡಿಸಿ "ಇಲ್ಲೆಲ್ಲಾ ಐತ್ರಿ" ಎನ್ನುತ್ತಿದ್ದರು.

ಮೊದಮೊದಲು ಒಬ್ಬೊಬ್ಬರನ್ನೂ ಮಲಗಿಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ನೋವಿಲ್ಲದ ಕಡೆಯಿಂದ ಶುರು ಮಾಡಿ ನೋವಿನ ಕಡೆಗೆ ಕೈ ತರುತ್ತಿದ್ದೆ. ಮೂರನೆಯ ವರ್ಷದ ಹೊತ್ತಿಗೆ ಕೈ ಪಳಗಿತು ಎಂದುಕೊಂಡೆ. ಬಾಗಿಲಲ್ಲಿ ನಡೆದು ಬರುವ ರೀತಿಯಲ್ಲೇ ಅರ್ಧ ತಿಳಿಯುತ್ತಿತ್ತು. ಕೂತಲ್ಲಿ ಕೂರಲಾರದೆ ಒದ್ದಾಡುವವನಿಗೆ ಮೂತ್ರದ ಕಲ್ಲು, ಬಗ್ಗಿಕೊಂಡು ಹೆಜ್ಜೆ ಎಣಿಸುವವನಿಗೆ ಅಪೆಂಡಿಕ್ಸ್, ಖಾಲಿ ಹೊಟ್ಟೆಗೆ ಚಹಾ ಕುಡಿದು ಖಾರ ತಿನ್ನುವವರಿಗೆ ಎದೆಗುಂಡಿಗೆಯ ಕೆಳಗೆ ಉರಿ. ಹೆಚ್ಚು ಸಲ ನನ್ನ ಊಹೆ ಸರಿಯಾಗುತ್ತಿತ್ತು. ಸರಿಯಾಗದ್ದು ಬೇರೆ ದವಾಖಾನೆಗೆ ಹೋಗುತ್ತಿತ್ತೇನೋ, ನನಗೆ ತಿಳಿಯುತ್ತಿರಲಿಲ್ಲ.

ಆ ಹೆಂಗಸು ಬಂದದ್ದು ಕಬ್ಬು ಕಡಿಯುವ ಸುಗ್ಗಿಯಲ್ಲಿ, ಒಂದು ಸಂತೆಯ ದಿನ. ಸಂತೆಯ ದಿನ ಅಂಗಳದ ತುಂಬ ಜನ. ಇಪ್ಪತ್ತೇಳು, ಇಪ್ಪತ್ತೆಂಟರ ವಯಸ್ಸು, ನೇಕಾರರ ಮನೆಯ ಸೊಸೆ. ಗಂಡ ಇಚಲಕರಂಜಿಯ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದ, ಹಬ್ಬಕ್ಕೆ ಹುಣ್ಣಿಮೆಗೆ ಊರಿಗೆ ಬರುತ್ತಿದ್ದ. ಈಕೆ ಮನೆಯಲ್ಲಿ ಅತ್ತೆಯ ಜೊತೆ ಇದ್ದು ಮಗ್ಗಕ್ಕೆ ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮೂರು ಮಕ್ಕಳು. ಅತ್ತೆ ಜೊತೆಗೇ ಬಂದು ಸೊಸೆಗಿಂತ ಮೊದಲು ಸ್ಟೂಲಿನ ಪಕ್ಕ ನಿಂತಳು.

"ಏನಾಗತೈತಿ?" ಎಂದೆ.

"ಹೊಟ್ಟಿಬ್ಯಾನಿ ಐತ್ರಿ ಡಾಕ್ಟರ ಬಾಯಾರ," ಎಂದು ಅತ್ತೆಯೇ ಹೇಳಿದಳು. "ನಿನ್ನಿಯಿಂದ ಉಂಡಿಲ್ಲ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ ಅಂತಾಳ."

ಮಲಗಿಸಿದೆ. ಬಲಗಡೆ ಕಿಬ್ಬೊಟ್ಟೆಯಲ್ಲಿ ಒತ್ತಿದಾಗ ಮುಖ ಕಿವುಚಿದಳು. ಹೊಟ್ಟೆ ಅಷ್ಟೊಂದು ಗಟ್ಟಿಯಾಗಿರಲಿಲ್ಲ. ಜ್ವರವಿಲ್ಲ. ನಾಡಿ ತುಸು ಜೋರಾಗಿತ್ತು. ಬಿಸಿಲಲ್ಲಿ ನಡೆದು ಬಂದಿದ್ದಾಳೆ ಎಂದುಕೊಂಡೆ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಬಿಳುಪು. ಆದರೆ ನನ್ನ ಬಳಿ ಬರುವ ಹೆಂಗಸರಲ್ಲಿ ಬಿಳಿಚಿಕೊಳ್ಳದವರನ್ನು ನೋಡಿದ್ದೇ ಕಡಿಮೆ.

"ಹೆಗಲೂ ನೋಯಾಕತ್ತೈತ್ರಿ," ಎಂದಳು ಮೆಲ್ಲಗೆ. "ಮಲಗಿದ್ರ ಭಾಳ."

"ದಿನಾ ಕಂಡಿಕಿ ಸುತ್ತತಾಳ್ರಿ, ಅದಕ್ಕ," ಎಂದಳು ಅತ್ತೆ. ನನಗೂ ಅದು ಸರಿ ಎನಿಸಿತು.

"ಮುಟ್ಟು ಸರಿಯಾಗಿ ಆಗತೈತಿ?"

ಆಕೆ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. "ಮೊನ್ನಿ ಆಗೇತ್ರಿ," ಎಂದಳು.

ಎಷ್ಟು ಆಯಿತು, ಪ್ರತಿ ಸಲದ ಹಾಗೆಯೇ ಆಯಿತೇ, ಅದರ ಹಿಂದಿನ ತಿಂಗಳು ಆಗಿತ್ತೇ ಎಂದು ನಾನು ಕೇಳಲಿಲ್ಲ. ಕೇಳಲಿಲ್ಲ ಏಕೆಂದರೆ ಅಷ್ಟರಲ್ಲಿ ನನ್ನ ಕಣ್ಣು ಹೊಕ್ಕುಳ ಕೆಳಗಿದ್ದ ಒಂದು ಸಣ್ಣ ಗಾಯದ ಗುರುತಿನ ಮೇಲೆ ಬಿದ್ದಿತ್ತು.

"ಆಪರೇಷನ್ ಆಗೇತಿ?"

"ಹೌದ್ರಿ, ಇಲ್ಲೇ ಆಗೇತಿ. ಕ್ಯಾಂಪಿನಾಗ. ನೀವೂ ಇದ್ರಿ," ಎಂದಳು ಅತ್ತೆ.

ಎರಡು ವರ್ಷದ ಹಿಂದೆ ನಮ್ಮ ದವಾಖಾನೆಯಲ್ಲೇ ಮಕ್ಕಳಾಗದ ಆಪರೇಷನ್ನಿನ ಕ್ಯಾಂಪು ನಡೆದಿತ್ತು. ಬಾಗಲಕೋಟೆಯಿಂದ ಬಂದ ಸರ್ಜನ್ನರ ಎದುರು ನಿಂತು ನಾನು ಕೈಜೋಡಿಸಿದ್ದೆ. ಮುಗಿದ ಮೇಲೆ ಜಮಖಾನೆಯ ಮೇಲೆ ಸಾಲಾಗಿ ಮಲಗಿದ್ದ ಹೆಂಗಸರಿಗೆ ನಾನೇ ಹೇಳಿದ್ದೆ: "ಇನ್ನ ಚಿಂತಿ ಬಿಡ್ರಿ. ಇನ್ನ ಮಕ್ಕಳಾಗಂಗಿಲ್ಲ." ಅಪರೂಪಕ್ಕೆ ಆಗಬಹುದು, ಮುಟ್ಟು ತಪ್ಪಿದರೆ ಕೂಡಲೇ ಬಂದು ತೋರಿಸಿ ಎಂದು ಹೇಳಿರಲಿಲ್ಲ. ಹೇಳಿದರೆ ಮುಂದಿನ ಕ್ಯಾಂಪಿಗೆ ಯಾರೂ ಬರುವುದಿಲ್ಲ ಎಂಬ ಭಯ ನಮಗೆಲ್ಲ ಇತ್ತು.

ಆ ಗುರುತು ನೋಡಿದ ಮೇಲೆ ಗರ್ಭದ ವಿಚಾರ ನನ್ನ ತಲೆಯಿಂದ ಹೊರಗೆ ಹೋಯಿತು. ಜ್ವರವಿಲ್ಲ, ಹೊಟ್ಟೆ ಬಿಗಿದಿಲ್ಲ, ಅಪೆಂಡಿಕ್ಸೂ ಅಲ್ಲ ಎಂದುಕೊಂಡೆ. ಉಳಿದದ್ದು ಪಿತ್ತ, ಇಲ್ಲವೇ ಮೂತ್ರದ ಸೋಂಕು. ನಮ್ಮ ಹಿರಿಯ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಹೆಂಗಸು. "ಮೇಡಂ, ಒಮ್ಮಿ ಒಳಗ ಪರೀಕ್ಷಾ ಮಾಡಿ ನೋಡೂಣೇನ್ರಿ?" ಎಂದರು.

"ಆಪರೇಷನ್ ಆಗೇತಲ್ರಿ. ಹೊರಗ ಅರವತ್ತು ಮಂದಿ ಕುಂತಾರ," ಎಂದೆ.

ಸಿಸ್ಟರ್ ಇಂಜೆಕ್ಷನ್ನಿನ ಟ್ರೇ ತಂದಿಟ್ಟರು. ನಾನು ನೋವಿಗೊಂದು, ಪಿತ್ತಕ್ಕೊಂದು ಇಂಜೆಕ್ಷನ್ ಬರೆದು, ಮೂರು ದಿನದ ಗುಳಿಗೆ ಕೊಟ್ಟು, ಕಡಿಮೆಯಾಗದಿದ್ದರೆ ಬನ್ನಿ ಎಂದು ಕಳಿಸಿದೆ. ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ 'ಗ್ಯಾಸ್ಟ್ರೈಟಿಸ್' ಎಂದು ಬರೆದೆ. ನಾಲ್ಕು ನಿಮಿಷ ಹಿಡಿದಿರಬೇಕು, ಹೆಚ್ಚೆಂದರೆ ಐದು.

ಮರುದಿನ ಹನ್ನೊಂದರ ಹೊತ್ತಿಗೆ ಒಂದು ಟಂಟಂ ಆಟೋ ಅಂಗಳದೊಳಗೇ ಬಂದು ನಿಂತಿತು. ಅತ್ತೆ ಮತ್ತು ಓಣಿಯ ಇಬ್ಬರು ಗಂಡಸರು ಆಕೆಯನ್ನು ಎತ್ತಿ ಇಳಿಸಿದರು. ಕಂಡಿಕೆ ಸುತ್ತಲು ಕೂತವಳು ರಾಟಿಯ ಮೇಲೆಯೇ ಕುಸಿದಳಂತೆ. ಮುಖ ಸುಣ್ಣದಂತಾಗಿತ್ತು. ಕೈ ತಣ್ಣಗೆ, ಅದರ ಮೇಲೆ ಬೆವರು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ. ಕುತ್ತಿಗೆಯಲ್ಲಿ ನೂಲಿನ ಎಳೆಯಂತೆ ಓಡುತ್ತಿತ್ತು. ಹಿಂದಿನ ದಿನ ಮೆತ್ತಗಿದ್ದ ಹೊಟ್ಟೆ ಉಬ್ಬಿ ಬಿಗಿದಿತ್ತು.

ಬಾಗಿಲಿಂದ ಮೇಜಿಗೆ ತರುವಷ್ಟರಲ್ಲಿ ನನಗೆ ಎಲ್ಲ ತಿಳಿಯಿತು. ಕಟ್ಟಿದ ನಾಳ ಎಲ್ಲೋ ಕೂಡಿಕೊಂಡು, ಗರ್ಭ ಅಲ್ಲೇ ನಿಂತು, ಬೆಳೆದು, ಒಡೆದಿದೆ. ಆ ಹೆಗಲುನೋವು ಕಂಡಿಕೆಯದಲ್ಲ. ಒಳಗೆ ಸೋರಿದ ರಕ್ತ ಮಲಗಿದಾಗ ಮೇಲಕ್ಕೆ ಹರಿದು, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಗೆ ತಾಗಿದರೆ ನೋವು ಹೆಗಲಿನಲ್ಲಿ ಕಾಣುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಉತ್ತರ ಬರೆದು ಅಂಕ ತೆಗೆದುಕೊಂಡವಳು.

ಸಿಸ್ಟರ್ ಎರಡೂ ಕೈಗೆ ಸಲೈನ್ ಹಚ್ಚಿದರು. ನಾನು ಸಿರಿಂಜಿನ ಸೂಜಿಯನ್ನು ಹೊಟ್ಟೆಯ ಬದಿಗೆ ಚುಚ್ಚಿ ಎಳೆದೆ. ಕಪ್ಪು ರಕ್ತ ಬಂತು. ಗಾಜಿನ ನಳಿಗೆಯಲ್ಲಿ ಬಿಟ್ಟು ನೋಡಿದರೆ ಹೆಪ್ಪುಗಟ್ಟಲಿಲ್ಲ, ಎಂದರೆ ಹೊಟ್ಟೆಯೊಳಗೆ ಸೋರಿ ನಿಂತ ರಕ್ತವೇ. ಸಿಸ್ಟರ್ ಆ ನಳಿಗೆ ನೋಡಿದರು, ನನ್ನನ್ನು ನೋಡಲಿಲ್ಲ.

ಜಮಖಂಡಿಗೆ ನಮ್ಮ ಜೀಪಿನಲ್ಲೇ ಹೊರಟೆವು. ಹಿಂದಿನ ಸೀಟುಗಳ ನಡುವೆ ಹಲಗೆ ಹಾಕಿ ಆಕೆಯನ್ನು ಮಲಗಿಸಿ, ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಸಲೈನ್ ಬಾಟಲಿ ಎತ್ತಿ ಹಿಡಿದು ಸಿಸ್ಟರ್. ಅತ್ತೆ ಮುಂದೆ ಡ್ರೈವರನ ಪಕ್ಕ ಕೂತಳು. ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರೇಲರು. ದಾಟಿ ಮುಂದೆ ಹೋಗಲು ಜಾಗವಿಲ್ಲ. ಡ್ರೈವರ್ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಟ್ರ್ಯಾಕ್ಟರಿನಲ್ಲಿ ಟೇಪು ಹಚ್ಚಿಕೊಂಡವರಿಗೆ ಹಾರ್ನು ಕೇಳುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಆಕೆ ಕಣ್ಣು ಬಿಟ್ಟಳು. ಮುಂದಿನ ಸೀಟಿನ ಕಡೆ ನೋಡಿ, ನನ್ನ ಸೆರಗು ಹಿಡಿದು ಎಳೆದಳು. ನಾನು ಬಾಯಿಯ ಹತ್ತಿರ ಕಿವಿ ಒಯ್ದೆ.

"ಹ್ವಾದ ತಿಂಗಳ ಆಗಿದ್ದಿಲ್ರೀ," ಎಂದಳು. "ಮೊನ್ನಿ ಸೀರಿಗೆ ಒಂದೀಟ ರಕ್ತದ ಕಲಿ ಆಗಿತ್ತು, ಅಷ್ಟ."

"ನಿನ್ನೆ ಯಾಕ ಹೇಳಲಿಲ್ಲವ್ವಾ?"

"ಅತ್ತಿ ಇದ್ರಲ್ರಿ." ಉಸಿರು ತೆಗೆದುಕೊಂಡಳು. "ನಮ್ಮನ್ಯಾವ್ರು ಊರಾಗ ಇಲ್ಲ. ಆಪರೇಷನ್ ಆದಾಕಿಗೆ ಮುಟ್ಟ ನಿಂತ್ರ ಮಂದಿ ಏನಂತಾರ್ರಿ?"

ಏನೂ ಅನ್ನುವುದಿಲ್ಲ ಎಂದೆ. ಹಾಗೆ ಆಗುತ್ತದೆ, ಆಪರೇಷನ್ ಆದ ಮೇಲೂ ಒಮ್ಮೊಮ್ಮೆ ಆಗುತ್ತದೆ, ಅದರಲ್ಲಿ ನಿನ್ನ ತಪ್ಪಿಲ್ಲ ಎಂದೆ. ಕ್ಯಾಂಪಿನ ದಿನ ಹೇಳಬೇಕಾಗಿದ್ದ ಮಾತನ್ನು ಎರಡು ವರ್ಷ ತಡವಾಗಿ, ಓಡುವ ಜೀಪಿನಲ್ಲಿ ಹೇಳುತ್ತಿದ್ದೆ. ಆಕೆಗೆ ಎಷ್ಟು ಕೇಳಿತೋ ಗೊತ್ತಿಲ್ಲ. ಸೆರಗು ಹಿಡಿದ ಕೈ ಹಾಗೇ ಇತ್ತು. "ಹೆಗಲ ಭಾಳ ನೋಯಾಕತ್ತೈತ್ರಿ," ಎಂದು ಇನ್ನೊಮ್ಮೆ ಹೇಳಿದಳು. ಆಮೇಲೆ ಮಾತಾಡಲಿಲ್ಲ.

ಜಮಖಂಡಿಯಲ್ಲಿ ಸರ್ಜನ್ ಸಿದ್ಧವಾಗಿದ್ದರು. ಹೊರಡುವ ಮೊದಲೇ ಫೋನ್ ಮಾಡಿದ್ದೆ. ಆಕೆಯ ಗುಂಪಿನ ರಕ್ತ ಒಂದು ಬಾಟಲಿ ಸಿಕ್ಕಿತು, ಹೆಚ್ಚಿಗೆ ಬೇಕಾದದ್ದಕ್ಕೆ ಬಾಗಲಕೋಟೆಗೆ ಆಳು ಓಡಿದ. ಆ ಒಂದು ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಎದೆಬಡಿತ ನಿಂತಿತು. ಥಿಯೇಟರಿನ ಮೇಜಿನ ಮೇಲೆ, ಇನ್ನೂ ಚಾಕು ಮುಟ್ಟಿಸುವ ಮೊದಲು. ಸರ್ಜನ್ನರು, ನಾನು, ಸಿಸ್ಟರ್ ಸರದಿಯ ಮೇಲೆ ಎದೆ ಒತ್ತಿದೆವು. ಸರ್ಜನ್ನರೇ ಕೊನೆಗೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ನಿನ್ನೆ ಎಲ್ಲೂ ತೋರಿಸಿದ್ದಿಲ್ಲೇನು?" ಎಂದು ಕೇಳಿದರು.

"ನನಗ ತೋರಿಸಿದ್ಲು," ಎಂದೆ.

ಅವರು ಬೇಸಿನ್ನಿನ ಕಡೆ ತಿರುಗಿ ಬಹಳ ಹೊತ್ತು ಕೈ ತೊಳೆದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ನಾನೇ ಹೋಗಿ ಹೇಳಿದೆ. ಆಕೆ ಕೂಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಮುಂದೆ ತೂಗಿದಳು. ಆಮೇಲೆ, "ಏನಾಗಿತ್ರಿ ಆಕಿಗೆ?" ಎಂದು ಕೇಳಿದಳು.

"ಹೊಟ್ಟಿಯೊಳಗ ರಕ್ತನಾಳ ಒಡೆದಿತ್ತು," ಎಂದೆ.

ಅದು ಸುಳ್ಳಲ್ಲ. ಆದರೆ ನಿಜವೂ ಅಲ್ಲ. ಸತ್ತವಳು ಮುಚ್ಚಿಟ್ಟದ್ದನ್ನು ನಾನು ಬಿಚ್ಚಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಕೆಯ ಮಾನ ಕಾಯುತ್ತಿದ್ದೇನೆ ಎಂದುಕೊಂಡೆ. ಆ ಮಾತಿನ ಹಿಂದೆ ನನ್ನ ಮಾನವೂ ಅಡಗಿ ಕೂತಿತ್ತು ಎಂಬುದು ಆ ಗಳಿಗೆಯಲ್ಲೂ ನನಗೆ ತಿಳಿದಿತ್ತು.

ಬಸುರಿ ಸತ್ತರೆ ಕಳಿಸುವ 'ತಾಯಿ ಮರಣ'ದ ವರದಿ ಬರೆಯಬೇಕಿತ್ತು. ಹಿಂದಿನ ದಿನದ ರಿಜಿಸ್ಟರ್ ತೆರೆದು ಕೂತೆ. 'ಗ್ಯಾಸ್ಟ್ರೈಟಿಸ್' ಎಂಬ ಪದದ ಮುಂದೆ ಜಾಗ ಖಾಲಿ ಇತ್ತು. 'ಜಮಖಂಡಿಗೆ ಹೋಗಲು ಸೂಚಿಸಿದೆ' ಎಂದು ಮೂರು ಪದ ಸೇರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದದ್ದೂ ನಿಜ. ಸಿಸ್ಟರ್ ಔಷಧಿಯ ಕಪಾಟಿನ ಬಳಿ ನನಗೆ ಬೆನ್ನು ಮಾಡಿ ನಿಂತು ಬಾಟಲಿ ಜೋಡಿಸುತ್ತಿದ್ದರು. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದರು. ನಾನು ಮುಚ್ಚಳ ಹಾಕಿ, ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ. ಮೇಲಿನವರು ಕರೆಸಿ ಕೇಳಿದರು, ಎಚ್ಚರಿಕೆಯ ಪತ್ರ ಕೊಟ್ಟರು. ಅಲ್ಲಿಗೆ ಮುಗಿಯಿತು. ಅಷ್ಟು ಸುಲಭವಾಗಿ ಮುಗಿದದ್ದು ನನಗೆ ಶಿಕ್ಷೆಗಿಂತ ಕಠಿಣವಾಗಿತ್ತು.

ಎರಡು ವಾರದ ಮೇಲೆ ಗಂಡ ಬಂದ. ನಮ್ಮಲ್ಲಿ ಮಧ್ಯಾಹ್ನ ರೋಗಿಗಳು ಕಡಿಮೆ. ಆ ಹೊತ್ತು ನೋಡಿಯೇ ಬಂದಿದ್ದ. ತೆಳ್ಳಗಿನ ಮನುಷ್ಯ, ತಲೆ ಬೋಳಿಸಿದ್ದ, ಅಂಗಿಯ ಮೇಲೆ ಹತ್ತಿಯ ಎಳೆ ಹತ್ತಿತ್ತು. ಕೂರು ಎಂದರೂ ಕೂರಲಿಲ್ಲ.

"ಏನಾಗಿತ್ತಂತ ಖರೇ ಹೇಳ್ರಿ ಬಾಯಾರ. ಅವ್ವ ರಕ್ತನಾಳ ಅಂತಾಳ. ಓಣ್ಯಾಗಿನ ಮಂದಿ ಬ್ಯಾರೇನೋ ಅಂತಾರ."

ಸಿಸ್ಟರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಎಲ್ಲ ಹೇಳಿದೆ. ಆಪರೇಷನ್ ಆದರೂ ನೂರಾರು ಮಂದಿಯಲ್ಲಿ ಯಾರಿಗೋ ಒಬ್ಬರಿಗೆ ಹೀಗೆ ಆಗುತ್ತದೆ, ಗರ್ಭ ಚೀಲದಲ್ಲಿ ನಿಲ್ಲದೆ ನಾಳದಲ್ಲಿ ನಿಲ್ಲುತ್ತದೆ, ಅದು ಒಡೆದರೆ ಒಳಗೇ ರಕ್ತ ಹೋಗುತ್ತದೆ ಎಂದೆ. ಆತ ನೆಲ ನೋಡುತ್ತಾ ಕೇಳಿಸಿಕೊಂಡ.

"ನಾ ದೀಪಾವಳಿಗೆ ಬಂದಿದ್ನಿ," ಎಂದ. ಬೆರಳು ಮಡಿಸಿ ಎಣಿಸಿದ. "ಹೌದು. ಬರೋಬ್ಬರಿ ಐತಿ."

ಆಮೇಲೆ ತಲೆ ಎತ್ತಿ, "ಹಿಂದಿನ ದಿನ ನಿಮ್ಮ ಕಡೆ ಬಂದಿದ್ಲಂತ. ಅವತ್ತ ಗೊತ್ತಾಗತಿತ್ತೇನ್ರಿ?" ಎಂದ.

"ಗೊತ್ತಾಗತಿತ್ತು," ಎಂದೆ. "ಇನ್ನೆರಡು ಮಾತು ಕೇಳಿದ್ರ ಗೊತ್ತಾಗತಿತ್ತು. ನಾ ಕೇಳಲಿಲ್ಲ."

"ಗೊತ್ತಾಗಿದ್ರ ಉಳೀತಿದ್ಲು?"

"ಉಳೀತಿದ್ಲು."

ಹೊಡೆಯಬಹುದು, ಕೂಗಾಡಬಹುದು, ಜನ ಕರೆತರಬಹುದು ಎಂದು ನಾನು ಕಾದೆ. ಅದಾದರೂ ಆಗಲಿ ಎನಿಸುತ್ತಿತ್ತು. ಆತ ಕಿಟಕಿಯ ಕಡೆ ಹೋಗಿ ನಿಂತ. ಭುಜ ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ, "ಓಣ್ಯಾಗ ಈ ಮಾತು ನಾನ ಹೇಳ್ತೀನಿ. ನನ್ನ ಕೂಸ ಇತ್ತು ಅಂತ ಹೇಳ್ತೀನಿ. ನಿಮ್ಮದೇನೂ ಹೇಳಂಗಿಲ್ಲ. ಹೇಳಿದ್ರ ಇನ್ನ ಹೆಣ್ಣಮಕ್ಕಳು ಇಲ್ಲಿ ಬರೂದ ಬಿಡ್ತಾರ," ಎಂದ. ನಮಸ್ಕಾರವನ್ನೂ ಹೇಳದೆ ಹೋದ.

ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆತ ಅಂಗಳ ದಾಟಿದ್ದ.

ಯುಗಾದಿ ಮುಗಿದ ಮೇಲೆ ಒಂದು ದಿನ ಅತ್ತೆ ಒಬ್ಬಳೇ ಬಂದಳು. ಮುಖ ಇಳಿದಿತ್ತು, ಕುಪ್ಪಸ ಸಡಿಲಾಗಿತ್ತು. "ಹೊಟ್ಟಿಬ್ಯಾನಿ," ಎಂದಳು. ಈ ಸಲ ನಾನು ಅವಸರ ಮಾಡಲಿಲ್ಲ. ಮಲಗಿಸಿ, ನಿಧಾನವಾಗಿ ನೋಡಿದೆ. ಎಲ್ಲಿ ಒತ್ತಿದರೂ "ಅಲ್ಲಲ್ರಿ" ಎನ್ನುತ್ತಿದ್ದಳು. ಯಾವಾಗ ಶುರುವಾಯಿತು, ಉಂಡ ಮೇಲೋ ಮೊದಲೋ, ಎಲ್ಲ ಕೇಳಿದೆ. ಬನಹಟ್ಟಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದೆ. ಏನೂ ಇರಲಿಲ್ಲ. ಮತ್ತೆ ಬಂದಳು, ಮತ್ತೆ ನೋಡಿದೆ. ಮೂರನೆಯ ಸಲ ಮಲಗಿದಲ್ಲೇ ಛಾವಣಿ ನೋಡುತ್ತಾ ಹೇಳಿದಳು:

"ನನಗ ಗೊತ್ತಿತ್ರಿ."

"ಏನು?"

"ಆಕಿ ಅದರ ಹಿಂದಿನ ತಿಂಗಳ ಹೊರಗ ಕೂತಿದ್ದಿಲ್ಲ, ಮುಟ್ಟ ನಿಂತಿತ್ತು ಅಂತ. ಒಂದ ಮನ್ಯಾಗ ಇರಾವ್ರು, ಗೊತ್ತಾಗಂಗಿಲ್ಲೇನ್ರಿ? ಆಪರೇಷನ್ ಕೆಟ್ಟೈತಿ, ಬಸರಿ ಆಗ್ಯಾಳ, ತಾನ ಹೇಳ್ಲಿ ಅಂತ ಸುಮ್ಮಿದ್ನಿ. ಆಕಿ ನನಗ ಅಂಜತಾಳ ಅಂತ ನನಗೇನ ಗೊತ್ರಿ? ಆಕಿ ಮ್ಯಾಲೆ ನಾ ಎಂದೂ ಅನುಮಾನ ಪಟ್ಟಾಕಿ ಅಲ್ಲ."

ನನ್ನ ಕೈ ಆಕೆಯ ಹೊಟ್ಟೆಯ ಮೇಲೆಯೇ ಇತ್ತು. "ಆ ದಿನ ಇಲ್ಲಿ ಯಾಕ ಹೇಳಲಿಲ್ರಿ?" ಎಂದೆ.

"ನೀವು ಕೇಳಲಿಲ್ಲಲ್ರಿ," ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ನೀವ ಮುಂದ ನಿಂತ ಮಾಡಿಸಿದ ಆಪರೇಷನ್. ಬಸರಿ ಅದಾಳೋ ಇಲ್ಲೋ ನಿಮಗ ಕೈ ಮುಟ್ಟಿದ್ರ ಗೊತ್ತಾಗತೈತಿ ಅಂತ ತಿಳಿದಿದ್ನಿ."

ಆ ನಾಲ್ಕು ನಿಮಿಷದಲ್ಲಿ ಆ ಕೋಣೆಯಲ್ಲಿ ಸೊಸೆಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಸಿಸ್ಟರಿಗೆ ಸಂಶಯ ಬಂದಿತ್ತು. ಗೊತ್ತಿಲ್ಲದವಳು ಡಾಕ್ಟರು ಒಬ್ಬಳೇ.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡಳು. ಗುಳಿಗೆ ಬೇಕಿಲ್ಲ, ನಿಮಗೆ ರೋಗವಿಲ್ಲ ಎಂದೆ. "ಏನರ ಕೊಡ್ರಿ," ಎಂದಳು. "ಬರಿಗೈಲೆ ಹೋದ್ರ, ಮತ್ತ್ಯಾಕ ಹೋಗಿದ್ದಿ ಅಂತ ಮಗ ಕೇಳ್ತಾನ." ಶಕ್ತಿಗುಳಿಗೆ ಕೊಟ್ಟು ಕಳಿಸಿದೆ. ನಾನು ಅಲ್ಲಿಂದ ವರ್ಗವಾಗುವವರೆಗೂ ತಿಂಗಳಿಗೊಮ್ಮೆ ಬರುತ್ತಿದ್ದಳು. ಬಂದಾಗಲೆಲ್ಲ ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಅಷ್ಟಕ್ಕೇ ಬರುತ್ತಿದ್ದಳು ಎನಿಸುತ್ತದೆ.

ಆಮೇಲೆ ನನ್ನನ್ನು ಬೀಳಗಿ ತಾಲೂಕಿಗೆ ಹಾಕಿದರು. ಅಷ್ಟರಲ್ಲಿ ನನ್ನ ರೀತಿ ಬದಲಾಗಿತ್ತು. ಹೊಟ್ಟೆನೋವೆಂದು ಹೆಂಗಸು ಬಂದರೆ ಜೊತೆಗೆ ಬಂದವರನ್ನೆಲ್ಲ ಹೊರಗೆ ಕಳಿಸುತ್ತಿದ್ದೆ, ಅತ್ತೆಯಾಗಲಿ, ಗಂಡನಾಗಲಿ, ಹೆತ್ತ ತಾಯಿಯೇ ಆಗಲಿ. ಮದುವೆ ಆಗಿರಲಿ ಬಿಡಲಿ, ಆಪರೇಷನ್ ಆಗಿರಲಿ ಬಿಡಲಿ, ಮೂತ್ರ ತೆಗೆದು ಗರ್ಭದ ಪರೀಕ್ಷೆ ಮಾಡುತ್ತಿದ್ದೆ. ಜನಕ್ಕೆ ಇದು ಸೇರಲಿಲ್ಲ. ಈ ಡಾಕ್ಟರ ಬಾಯಿಗೆ ಎಲ್ಲರ ಮೇಲೂ ಸಂಶಯ ಎಂಬ ಮಾತು ಹಬ್ಬಿತು. ಕೆಲವರು ಬರುವುದನ್ನೇ ಬಿಟ್ಟರು.

ಗಲಗಲಿಯ ಕಡೆಯ ಹೆಂಗಸೊಬ್ಬಳು ಒಂದು ದಿನ ಹೊಟ್ಟೆ ಹಿಡಿದುಕೊಂಡು ಬಂದಳು. ಆಪರೇಷನ್ ಆಗಿ ಐದು ವರ್ಷವಾಗಿತ್ತು. ಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತು, ಗರ್ಭ ನಿಂತಿತ್ತು. ಗಂಡನನ್ನು ಒಳಗೆ ಕರೆದು ಹೇಳಿದರೆ ಆತ ಮೇಜು ಬಡಿದ. "ಆಪರೇಷನ್ ಆಗೇತಿ, ಹೆಂಗ ಬಸರಿ ಆಗ್ತಾಳ? ನನ್ನ ಹೇಣ್ತಿ ಮ್ಯಾಲೆ ಏನ ಹೊರಸಾಕತ್ತೀರಿ?" ಎಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದ. ಮೊದಲು ಆಕೆಯನ್ನು ಗಾಡಿ ಹತ್ತಿಸಿ, ಜಗಳ ಆಮೇಲೆ ಆಡಿ ಎಂದೆ ನಾನು. ಬಾಗಲಕೋಟೆ ಮುಟ್ಟುವವರೆಗೂ ಆತ ಮುಂದಿನ ಸೀಟಿನಲ್ಲಿ ನನ್ನನ್ನು ಬೈಯುತ್ತಲೇ ಇದ್ದ. ಆಕೆ ಕಣ್ಣು ಮುಚ್ಚಿ ಮಲಗಿದ್ದಳು. ಅಲ್ಲಿ ಹೊಟ್ಟೆ ತೆರೆದಾಗ ನಾಳ ಸೋರತೊಡಗಿತ್ತು, ಇನ್ನೂ ಪೂರ್ತಿ ಒಡೆದಿರಲಿಲ್ಲ.

ಆಕೆ ಉಳಿದಳು. ಹತ್ತು ದಿನದ ಮೇಲೆ ಹೊಲಿಗೆ ಬಿಚ್ಚಿಸಿಕೊಳ್ಳಲು ನಮ್ಮಲ್ಲಿಗೇ ಬಂದಳು. ಎಡಗಣ್ಣಿನ ಕೆಳಗೆ ಕಂದಿತ್ತು. ಏನಾಯಿತು ಎಂದು ಕೇಳಿದೆ. ಬಾಗಿಲು ಬಡಿಯಿತು ಎಂದಳು. ನಾನು ಬಾಗಿಲು ಮುಂದೆ ಮಾಡಿ, ಸ್ಟೂಲು ಹತ್ತಿರ ಎಳೆದುಕೊಂಡು ಕೂತು, ಇನ್ನೊಮ್ಮೆ ಕೇಳಿದೆ.